ಹಾಲಿನ ಐಸ್ ಟೀ ಕೆಟ್ಟಿತೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬಿಸಿ ಟೀ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಅದೇ ಕೈ ಐಸ್ ಹಾಕಿದ ಹಾಲಿನ ಟೀ ಮಾಡಲು ಹೊರಟರೆ ಒಂದಲ್ಲ ಒಂದು ಎಡವಟ್ಟು. ಒಂದು ದಿನ ಹಾಲು ಒಡೆದ ಹಾಗೆ ಚೂರು ಚೂರು, ಇನ್ನೊಂದು ದಿನ ಅಕ್ಕಿ ತೊಳೆದ ನೀರು, ಮತ್ತೊಂದು ದಿನ ನಾಲಿಗೆ ಹಿಡಿದುಕೊಳ್ಳುವ ಒಗರು. ಆಗೆಲ್ಲ ಬೈಸಿಕೊಳ್ಳುವುದು ಹಾಲು. "ಇವತ್ತಿನ ಪ್ಯಾಕೆಟ್ಟೇ ಸರಿಯಿಲ್ಲ" ಎಂದು ಹೇಳಿ ಸಿಂಕಿಗೆ ಸುರಿದುಬಿಡುತ್ತೇವೆ. ಎರಡು ಬೇಸಿಗೆ ಇದನ್ನೇ ಮಾಡಿ ಮಾಡಿ ನನಗೆ ಗೊತ್ತಾಗಿದ್ದು ಇಷ್ಟು: ಹಾಲಿನ ತಪ್ಪು ಇರುವುದು ಅಪರೂಪ. ಬಹುಪಾಲು ತಪ್ಪು ಡಿಕಾಕ್ಷನ್ನಿನದು, ಇಲ್ಲವೇ ಯಾವುದನ್ನು ಎಷ್ಟು ಬಿಸಿಯಿದ್ದಾಗ ಯಾವುದಕ್ಕೆ ಸುರಿದೆವು ಎನ್ನುವುದರದು.

ಇಲ್ಲಿ ಹೇಳುತ್ತಿರುವುದು ಥಾಯ್ಲೆಂಡಿನ ‘ಚಾ ಯೆನ್’ ಜಾತಿಯ ಟೀ ಬಗ್ಗೆ. ಗಟ್ಟಿ ಡಿಕಾಕ್ಷನ್, ಕಂಡೆನ್ಸ್ಡ್ ಮಿಲ್ಕ್, ಲೋಟದ ತುಂಬ ಐಸ್, ಮೇಲೊಂದಿಷ್ಟು ಹಾಲು. ಅಲ್ಲಿ ಮೇಲೆ ಸುರಿಯುವುದು ಡಬ್ಬಿಯ ಇವಾಪರೇಟೆಡ್ ಮಿಲ್ಕ್. ನಮ್ಮ ಅಂಗಡಿಗಳಲ್ಲಿ ಅದನ್ನು ಹುಡುಕುವುದಕ್ಕಿಂತ ಅರ್ಧ ಲೀಟರ್ ಹಾಲನ್ನು ಕಾಲು ಲೀಟರಿಗೆ ಇಳಿಯುವಷ್ಟು ಕಾಯಿಸಿ, ಸೋಸಿ, ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದೇ ಸುಲಭ.

ದೋಷ ಹುಡುಕಬೇಕಾದರೆ ಅಳತೆ ಒಂದೇ ಇರಬೇಕು. ನನ್ನದು ಎರಡು ದೊಡ್ಡ ಲೋಟದ ಲೆಕ್ಕ: ನೀರು 300 ಮಿ.ಲೀ., ಟೀ ಪುಡಿ 4 ಸಣ್ಣ ಚಮಚ, ಅಂದರೆ ಹೆಚ್ಚುಕಡಿಮೆ 10 ಗ್ರಾಂ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 3 ನಿಮಿಷ. ಸೋಸಿ, ಬಿಸಿ ಇರುವಾಗಲೇ 3 ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಕಲಸುವುದು. ಪೂರ್ತಿ ತಣಿದ ಮೇಲೆ ಐಸ್, ಕೊನೆಗೆ 100 ಮಿ.ಲೀ. ತಣ್ಣನೆಯ ಗಟ್ಟಿ ಹಾಲು. ನಿಮ್ಮ ಅಳತೆ ಬೇರೆ ಇದ್ದರೂ ಅಡ್ಡಿಯಿಲ್ಲ, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪುಡಿಯನ್ನೂ ಹಾಲನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎನ್ನುವುದು ಕೊನೆಗೂ ತಿಳಿಯುವುದಿಲ್ಲ.

ಏನೇ ಆಗಿರಲಿ, ಮೊದಲು ಮೂರು ಲೋಟ

ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಒಂದು ಲೋಟದಲ್ಲಿ ಬರೀ ಡಿಕಾಕ್ಷನ್, ತಣ್ಣಗಾದದ್ದು. ಇನ್ನೊಂದರಲ್ಲಿ ಬರೀ ಹಾಲು. ಮೂರನೆಯದರಲ್ಲಿ ಎರಡು ತುಂಡು ಐಸ್ ಕರಗಿಸಿದ ನೀರು. ಮೂರನ್ನೂ ಒಂದೊಂದು ಗುಟುಕು ಕುಡಿದು ನೋಡಿ. ಬೆರೆಸಿದ ಮೇಲೆ ಪತ್ತೆಯಾಗದ ಕಳ್ಳ ಬಿಡಿಯಾಗಿದ್ದಾಗ ತಟ್ಟನೆ ಸಿಕ್ಕಿಬೀಳುತ್ತಾನೆ. ಡಿಕಾಕ್ಷನ್ ಒಂದೇ ಕುಡಿದಾಗಲೂ ಗಂಟಲು ಹಿಡಿದರೆ ಹಾಲನ್ನು ಬದಲಿಸಿ ಫಲವಿಲ್ಲ. ಐಸ್ ನೀರಿನಲ್ಲಿ ನಿನ್ನೆಯ ಹುಳಿಯ ವಾಸನೆ ಬಂದರೆ ಅಲ್ಲಿಗೇ ಮುಗಿಯಿತು.

ಡಿಕಾಕ್ಷನ್ನನ್ನು ತಣ್ಣಗೆ ಮಾಡಿಯೇ ರುಚಿ ನೋಡಬೇಕು. ಬಿಸಿಯಲ್ಲಿ ಸರಿ ಎನಿಸಿದ ಸಿಹಿ ತಣ್ಣಗಾದಾಗ ನಾಲಿಗೆಗೆ ಕಡಿಮೆ ತಿಳಿಯುತ್ತದೆ, ಒಗರು ಮಾತ್ರ ಇದ್ದಲ್ಲೇ ಇರುತ್ತದೆ. ಒಲೆಯ ಮುಂದೆ ನಿಂತು ರುಚಿ ನೋಡಿ "ಸಾಕು" ಎಂದವರೇ ಮೇಜಿನ ಮೇಲೆ "ಸಪ್ಪೆ" ಎನ್ನುತ್ತಾರೆ.

ಬಿಳಿ ಚೂರುಗಳು ತೇಲುತ್ತಿವೆ

ಅತಿ ಹೆಚ್ಚು ಕಾಣುವ ದೋಷ ಇದು. ತಪ್ಪಾಗಿ ಅರ್ಥವಾಗುವುದರಲ್ಲೂ ಇದಕ್ಕೇ ಮೊದಲ ಸ್ಥಾನ.

ಕಳೆದ ಏಪ್ರಿಲ್‌ನಲ್ಲಿ ನೆಂಟರ ಮಕ್ಕಳೆಲ್ಲ ಬಂದಿದ್ದಾಗ ಎಂಟು ಲೋಟ ಮಾಡಿಟ್ಟೆ. ಐಸ್ ಹಾಕಿದ ಐದೇ ನಿಮಿಷಕ್ಕೆ ಎಲ್ಲದರ ಮೇಲೂ ಬಿಳಿ ಬಿಳಿ ತುಣುಕು. ಒಡೆಯಿತು ಎಂದು ಪಾತ್ರೆಯನ್ನು ಸಿಂಕಿನತ್ತ ತಿರುಗಿಸಿದ್ದೆ. ಅತ್ತೆ ಬಂದವರೇ ಒಂದು ಚೂರನ್ನು ಚಮಚದಲ್ಲಿ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, "ಒಡೆದಿಲ್ಲ ಕಣೇ, ಕೆನೆ ಅದು. ಸೋಸಿ ಕೊಡು" ಎಂದರು. ಅವರ ಬೆರಳ ಮೇಲೆ ತುಪ್ಪ ಸವರಿದ ಹಾಗೆ ಹೊಳಪು ಉಳಿದಿತ್ತು. ಅದೇ ಪರೀಕ್ಷೆ.

ಚೂರನ್ನು ಉಜ್ಜಿದಾಗ ಕರಗಿ ಜಿಡ್ಡಾಗಿ ಹರಡಿದರೆ ಅದು ಕೊಬ್ಬು. ಪನೀರ್ ಪುಡಿಯಂತೆ ರವೆ ರವೆಯಾಗಿ ಉಳಿದರೆ ಹಾಲು ಒಡೆದಿದೆ. ಅನುಮಾನ ಇನ್ನೂ ಇದ್ದರೆ ಒಂದು ಚಮಚ ಟೀಯನ್ನು ಚೂರುಗಳ ಸಮೇತ ಸಣ್ಣ ಬಟ್ಟಲಲ್ಲಿ ಬೆಚ್ಚಗೆ ಮಾಡಿ. ಕೊಬ್ಬಾದರೆ ಕರಗಿ ಮೇಲೆ ಹಳದಿ ಕಣ್ಣುಗಳಾಗಿ ತೇಲುತ್ತದೆ. ಒಡೆದ ಹಾಲಿನ ರವೆ ಬಿಸಿಗೆ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಕೊಬ್ಬಾಗಿದ್ದರೆ ಚಿಂತೆಯಿಲ್ಲ, ಕುಡಿಯಬಹುದು. ನಾವು ಹಾಲು ಕಾಯಿಸಿ ಆರಲು ಬಿಟ್ಟಾಗ ಕಟ್ಟುವ ಕೆನೆಯೇ ಚಮಚ ಆಡಿಸಿದಾಗ ಹರಿದು ಚೂರಾಗಿರುತ್ತದೆ. ಬಿಸಿ ಟೀಯಲ್ಲಿ ಅದು ಕರಗಿಹೋಗುವುದರಿಂದ ನಮಗೆ ಇಷ್ಟು ವರ್ಷ ಕಂಡಿಲ್ಲ, ಐಸಿನ ತಣ್ಣಗೆ ಗಟ್ಟಿಯಾಗಿ ಕಣ್ಣಿಗೆ ಬೀಳುತ್ತದೆ. ತಣ್ಣನೆಯ ಹಾಲನ್ನು ಸಣ್ಣ ಜಾಲರಿಯಲ್ಲಿ ಸೋಸಿ ಬಳಸಿದರೆ ಸಾಕು. ಮನೆಬಾಗಿಲಿಗೆ ಬರುವ ಹಸುವಿನ ಹಾಲಿನಲ್ಲಿ ಈ ಕಾಟ ಹೆಚ್ಚು; ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಮೊದಲೇ ಒಡೆದು ಸಣ್ಣ ಮಾಡಿರುವುದರಿಂದ ಕಡಿಮೆ.

ಮಿಕ್ಸಿಯಲ್ಲಿ ತಿರುಗಿಸುವ ಅಭ್ಯಾಸ ಇದ್ದರೆ ಇನ್ನೊಂದು ಕಾರಣವೂ ಇರಬಹುದು. ಕ್ರೀಮ್ ಹಾಕಿ ಎರಡು ನಿಮಿಷ ಜೋರಾಗಿ ತಿರುಗಿಸಿದಿರಾದರೆ ನೀವು ಮಾಡಿದ್ದು ಬೆಣ್ಣೆ ಕಡೆಯುವ ಕೆಲಸ. ಹತ್ತು ಹದಿನೈದು ಸೆಕೆಂಡಿಗೆ ನಿಲ್ಲಿಸಿ. ಬಿಸಿ ಡಿಕಾಕ್ಷನ್ನನ್ನಂತೂ ಮಿಕ್ಸಿ ಜಾರಿಗೆ ಹಾಕಿ ಮುಚ್ಚಳ ಬಿಗಿಯಲೇಬೇಡಿ. ಒಳಗಿನ ಹಬೆ ಮುಚ್ಚಳವನ್ನು ಎತ್ತಿ ಎಸೆಯುತ್ತದೆ, ಮುಖಕ್ಕೇ ಹಾರುತ್ತದೆ. ಮುಚ್ಚಳ ಹಾಕಿ ಕುಲುಕುವ ಶೇಕರ್, ಬಾಟಲಿಗಳಿಗೂ ಇದೇ ಮಾತು.

ರವೆಯಾಗಿದ್ದರೆ, ಅಂದರೆ ನಿಜವಾಗಿ ಒಡೆದಿದ್ದರೆ, ಅದೇ ಹಾಲನ್ನು ಎರಡು ಚಮಚ ಬೇರೆ ಬಟ್ಟಲಲ್ಲಿ ಕುದಿಸಿ ನೋಡಿ. ಬರೀ ಹಾಲೇ ಒಡೆದರೆ ಅದು ಹುಳಿಯತ್ತ ಹೊರಟ ಹಾಲು, ಮೂಗಿಗೆ ಇನ್ನೂ ಗೊತ್ತಾಗಿರಲಿಲ್ಲ ಅಷ್ಟೇ. ಉಳಿದದ್ದನ್ನೆಲ್ಲ ಚೆಲ್ಲಿ. ಬರೀ ಹಾಲು ಚೆನ್ನಾಗಿ ಕುದಿದು ನಿಂತರೆ ಅದು ನಿರಪರಾಧಿ. ಹುಳಿ ಬೇರೆ ಕಡೆಯಿಂದ ಬಂದಿದೆ.

ಹುಳಿಯನ್ನು ಅಳೆಯುವ ಅಂಕಿ ಪಿ.ಎಚ್.; ಅದು ಇಳಿದಷ್ಟೂ ಹುಳಿ ಹೆಚ್ಚು. ತಾಜಾ ಹಾಲಿನ ಪಿ.ಎಚ್. ಸುಮಾರು 6.6. ಅದು 4.6ರ ಹತ್ತಿರ ಇಳಿದರೆ ಹಾಲಿನ ಕೇಸೀನ್ ಎಂಬ ಪ್ರೋಟೀನು ತಣ್ಣಗಿದ್ದರೂ ಗಂಟು ಕಟ್ಟುತ್ತದೆ. ಬಿಸಿ ಇದ್ದರೆ ಅಷ್ಟು ಹುಳಿಯೂ ಬೇಡ, ಸ್ವಲ್ಪದಕ್ಕೇ ಒಡೆಯುತ್ತದೆ. ನಿಂಬೆ, ದಾಸವಾಳದ ಟೀ, ಪುನರ್ಪುಳಿ ಇವು ಹಾಲಿನ ಐಸ್ ಟೀ ಜತೆ ಎಂದೂ ಕೂಡವು. ಲೆಮನ್ ಟೀ ಬೇಕಾದವರು ಹಾಲು ಬಿಡಬೇಕು, ಇದರಲ್ಲಿ ರಾಜಿ ಇಲ್ಲ. ಬೆಲ್ಲದ ಟೀ ಒಡೆಯುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಐಸ್ ಟೀಯಲ್ಲಿ ಅದಕ್ಕೆ ಉಪಾಯವಿದೆ: ಬೆಲ್ಲವನ್ನು ಡಿಕಾಕ್ಷನ್ನಿನಲ್ಲೇ ಕರಗಿಸಿ, ಸೋಸಿ, ಪೂರ್ತಿ ತಣಿಸಿ, ಆಮೇಲೆ ತಣ್ಣನೆಯ ಹಾಲು ಸೇರಿಸಿ. ಹುಳಿ ಬಿಸಿ ಎರಡೂ ಒಟ್ಟಿಗೆ ಸಿಗದಿದ್ದರೆ ಹಾಲು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ.

ಶುಂಠಿಯದು ಬೇರೆ ಕಥೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆ ಬಿಸಿ ಹಾಲಿಗೆ ಹಸಿ ಶುಂಠಿ ರಸ ಬೆರೆಸಿ, ಹೆಪ್ಪು ಹಾಕದೆಯೇ ಮೊಸರಿನಂತೆ ಗಟ್ಟಿಯಾಗುವ ಸಿಹಿ ತಿನಿಸು ಮಾಡುವುದು ಈ ಕಿಣ್ವದ ಬಲದಿಂದಲೇ. ನಮಗೆ ಬೇಕಾದದ್ದು ಅದಲ್ಲವಲ್ಲ. ಶುಂಠಿಯನ್ನು ಜಜ್ಜಿ ನೀರಿನ ಜತೆ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಘಾಟು ಉಳಿಯುತ್ತದೆ. ತಣ್ಣನೆಯ ಟೀಗೆ ಕೊನೆಯಲ್ಲಿ ಹಸಿ ರಸ ಹಿಂಡುವ ಆಸೆ ಬಿಡಿ. ಅನಾನಸ್, ಪರಂಗಿ ಹಣ್ಣಿನ ಹಸಿ ತಿರುಳೂ ಹಾಲಿಗೆ ಇದೇ ಗತಿ ಕಾಣಿಸುತ್ತದೆ.

ನಿಂಬೆ, ಬೆಲ್ಲದಿಂದ ಆಗತಾನೇ ಒಡೆದದ್ದು ನೋಡಲು ಚೆನ್ನಾಗಿಲ್ಲದಿದ್ದರೂ ವಿಷವೇನಲ್ಲ. ಹಾಲೇ ಹುಳಿಯಾಗಿ ಒಡೆದದ್ದನ್ನು ಮಾತ್ರ ಸೋಸಿ ಉಳಿಸಿಕೊಳ್ಳಲು ಹೋಗಬೇಡಿ.

ತೆಂಗಿನ ಹಾಲು ಬಳಸುವವರಿಗೆ ಒಂದು ಮಾತು. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಎಣ್ಣೆ ಬಾಟಲಿ ಬಿಳಿಯಾಗುವುದನ್ನು ಕಂಡಿದ್ದೀರಲ್ಲ, ಐಸ್ ಲೋಟದಲ್ಲೂ ಅದೇ ನಡೆಯುತ್ತದೆ. ಕಾಯಿತುರಿಯಿಂದ ಹಿಂಡಿದ ಗಟ್ಟಿ ಮೊದಲ ಹಾಲಿನ ಬದಲು ಎರಡನೇ ಹಾಲು ಬಳಸಿದರೆ ಚೂರು ಕಡಿಮೆ.

ಮೊದಲ ಗುಟುಕು ಚೆನ್ನ, ಆಮೇಲೆ ಬರೀ ನೀರು

ಇದಕ್ಕೆ ಟೀ ಪುಡಿಯನ್ನು ಬೈಯುವ ಮೊದಲು ಐಸಿನ ಲೆಕ್ಕ ಹಾಕಿ. ಒಲೆಯಿಂದ ಇಳಿಸಿದ 90 ಡಿಗ್ರಿಯ 150 ಮಿ.ಲೀ. ಡಿಕಾಕ್ಷನ್ನನ್ನು ನೇರ ಐಸಿಗೆ ಸುರಿದರೆ, ಅದು 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ 150 ಗ್ರಾಂ ಐಸ್ ಕರಗಿರುತ್ತದೆ. ಒಂದು ಲೋಟ ಡಿಕಾಕ್ಷನ್‌ಗೆ ನೀವೇ ಒಂದು ಲೋಟ ನೀರು ಬೆರೆಸಿದ ಹಾಗೆ. ಅದನ್ನೇ ಮೊದಲು ಕೋಣೆಯ ಶಾಖಕ್ಕೆ, 28 ಡಿಗ್ರಿಗೆ, ಆರಿಸಿಕೊಂಡು ಸುರಿದರೆ ಕರಗುವುದು 40 ಗ್ರಾಂ ಮಾತ್ರ. ಫ್ರಿಜ್ಜಿನಲ್ಲಿ ಇಟ್ಟು ತಣಿಸಿದ್ದಾದರೆ ಇನ್ನೂ ಕಡಿಮೆ.

ಹಾಗಾಗಿ ಮೊದಲ ಪರಿಹಾರ ತಾಳ್ಮೆ, ಅದಕ್ಕೆ ದುಡ್ಡಿಲ್ಲ. ಡಿಕಾಕ್ಷನ್ ಪಾತ್ರೆಯನ್ನು ತಣ್ಣೀರು ತುಂಬಿದ ಅಗಲ ಬೇಸಿನ್ನಿನಲ್ಲಿ ಕೂರಿಸಿ ಚಮಚ ಆಡಿಸಿ, ಬೇಗ ಆರುತ್ತದೆ. ಎರಡನೆಯದು, ಪುಡಿ ಹೆಚ್ಚಿಸುವುದು. ಬಿಸಿ ಟೀಗೆ ಹಾಕುವುದರ ಒಂದೂವರೆಯಿಂದ ಎರಡು ಪಟ್ಟು ಬೇಕೇ ಬೇಕು. ಮೂರನೆಯದು ನನಗೆ ತುಂಬ ಇಷ್ಟವಾದದ್ದು: ಡಿಕಾಕ್ಷನ್ನನ್ನೇ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಆ ತುಂಡುಗಳನ್ನೇ ಹಾಕುವುದು. ಕರಗಿದಷ್ಟೂ ಟೀ ಗಟ್ಟಿಯಾಗುತ್ತದೆ. ಮನೆಯ ಮಕ್ಕಳು ಕೊನೆಗೆ ಆ ತುಂಡನ್ನೇ ಚೀಪುತ್ತಾರೆ, ಅದೊಂದು ತಲೆನೋವು.

ಐಸ್ ಕಡಿಮೆ ಹಾಕಿದರೆ ನೀರಾಗುವುದಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ನಾಲ್ಕೇ ತುಂಡು ಹಾಕಿದರೆ ನಾಲ್ಕೂ ಪೂರ್ತಿ ಕರಗುತ್ತವೆ, ಟೀ ತಣ್ಣಗೂ ಆಗದೆ ಗಟ್ಟಿಯೂ ಇರದೆ ನಡುವೆ ನಿಲ್ಲುತ್ತದೆ. ಆರಿದ ಟೀಗೆ ಲೋಟದ ತುಂಬ ಐಸ್ ಹಾಕಿ, ಕೂಡಲೇ ಕುಡಿಯಿರಿ.

ಎಚ್ಚರಿಕೆ: ಕುದಿಯುವ ಡಿಕಾಕ್ಷನ್ನನ್ನು ಐಸ್ ತುಂಬಿದ ಸಾಮಾನ್ಯ ಗಾಜಿನ ಲೋಟಕ್ಕೆ ಸುರಿಯಬೇಡಿ. ಒಂದು ಪಕ್ಕ ಬಿಸಿಗೆ ಹಿಗ್ಗಿ, ಇನ್ನೊಂದು ಪಕ್ಕ ತಣ್ಣಗೇ ಉಳಿದು ಗಾಜು ಸೀಳುತ್ತದೆ. ನಮ್ಮ ಸ್ಟೀಲ್ ಲೋಟಕ್ಕೆ ಆ ಭಯ ಇಲ್ಲ. ಗಾಜು ಸೀಳಿದ ಟೀಯನ್ನು ಸೋಸಿ ಕುಡಿಯುವ ಯೋಚನೆ ಬೇಡ, ಐಸ್ ಸಮೇತ ಚೆಲ್ಲಿ; ಗಾಜಿನ ಚೂರಿಗೂ ಐಸ್ ಚೂರಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ನಾಲಿಗೆ ಒಣಗಿಸುವ ಒಗರು

ಒಗರೋ ಕಹಿಯೋ ಎಂದು ಬೇರ್ಪಡಿಸಿಕೊಳ್ಳಿ. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಣಗಿಸಿದರೆ ಒಗರು, ಅದು ಟ್ಯಾನಿನ್ ಗುಂಪಿನ ಅಂಶಗಳ ಕೆಲಸ. ಹಾಲಿನ ಕೇಸೀನ್ ಈ ಅಂಶಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಅರ್ಧಕ್ಕರ್ಧ ಹಾಲು ಹಾಕಿ ಕುದಿಸುವ ನಮ್ಮ ದಿನನಿತ್ಯದ ಟೀಯಲ್ಲಿ ಒಗರು ತಿಳಿಯದಿರುವುದಕ್ಕೆ ಇದೇ ಕಾರಣ. ಐಸ್ ಟೀಯಲ್ಲಿ ಹಾಲು ಕಡಿಮೆ, ಪುಡಿ ಹೆಚ್ಚು.

ಮೊದಲು ಗಡಿಯಾರ ನೋಡಿ. ಗಟ್ಟಿ ಬೇಕೆಂದು ಹತ್ತು ನಿಮಿಷ ಕುದಿಸುತ್ತಿದ್ದರೆ ತಪ್ಪು ಅಲ್ಲೇ ಇದೆ. ಗಟ್ಟಿತನ ಪುಡಿಯಿಂದ ಬರಬೇಕು, ಹೊತ್ತಿನಿಂದ ಅಲ್ಲ. ಮೂರು ನಿಮಿಷಕ್ಕೆ ಇಳಿಸಿ. ಸೋಸುವಾಗ ಜಾಲರಿಯಲ್ಲಿ ಉಳಿದ ಚರಟವನ್ನು ಚಮಚದಿಂದ ಒತ್ತುವ ಅಭ್ಯಾಸ ಇದೆಯೇ? ಕೊನೆಯ ಹನಿಯ ಆಸೆಗೆ ಒಗರನ್ನೂ ನುಣ್ಣನೆಯ ಪುಡಿಯನ್ನೂ ಹಿಂಡಿ ಇಳಿಸುತ್ತಿದ್ದೀರಿ. ತಾನಾಗಿ ಬಸಿದಷ್ಟು ಸಾಕು. ಡಸ್ಟ್ ಟೀ ಬಳಸುವವರು ಒದ್ದೆ ಬಟ್ಟೆಯಲ್ಲಿ ಸೋಸಿದರೆ ಲೋಟದ ತಳದಲ್ಲಿ ಮರಳಿನಂಥ ಗಷ್ಟು ನಿಲ್ಲುವುದಿಲ್ಲ. ಹಾಂಗ್‌ಕಾಂಗ್‌ನ ಹಾಲಿನ ಟೀ ಅಷ್ಟು ನಯವಾಗಿರುವುದರಲ್ಲಿ ಅವರ ಉದ್ದನೆಯ ಬಟ್ಟೆ ಚೀಲದ ಪಾಲು ದೊಡ್ಡದು.

ಇಷ್ಟಾದರೂ ಒಗರು ಹೋಗದಿದ್ದರೆ ಕುದಿಸುವುದನ್ನೇ ಬಿಟ್ಟು ನೋಡಿ. ಅರ್ಧ ಲೀಟರ್ ತಣ್ಣೀರಿಗೆ 10-12 ಗ್ರಾಂ ಪುಡಿ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್ಜಿನಲ್ಲಿ ಎಂಟು ಗಂಟೆ ನೆನೆಸಿ ಸೋಸಿ. ತಣ್ಣೀರಿಗೆ ಒಗರು ಕಡಿಮೆ ಇಳಿಯುತ್ತದೆ. ಗಾಢತನ ಬಿಸಿ ಡಿಕಾಕ್ಷನ್ನಿನಷ್ಟು ಬರದು, ಅದನ್ನು ಒಪ್ಪಿಕೊಳ್ಳಬೇಕು.

ಅಡುಗೆ ಸೋಡಾ ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಒಂದು ಲೀಟರ್‌ಗೆ ಉಗುರಿನ ತುದಿಯಷ್ಟು ಹಾಕಿದರೆ ಒಗರು ತಗ್ಗಿ ಬಣ್ಣ ಗಾಢವಾಗುತ್ತದೆ. ಕಾಶ್ಮೀರದ ಗುಲಾಬಿ ಬಣ್ಣದ ನೂನ್ ಚಾಯ್‌ಗೂ ಸೋಡಾ ಬೇಕು. ಚಿಟಿಕೆ ದೊಡ್ಡದಾದರೆ ಮಾತ್ರ ಸೋಪಿನ ನೀರು. ನನಗಂತೂ ಪುಡಿ ಬದಲಿಸುವುದೇ ವಾಸಿ.

ಡಿಕಾಕ್ಷನ್ ಫ್ರಿಜ್ಜಿನಲ್ಲಿ ಕೆಸರಿನಂತಾಗಿದೆ

ಸೋಸಿ ಇಟ್ಟಾಗ ಮಾಣಿಕ್ಯದಂತಿದ್ದದ್ದು ಬೆಳಿಗ್ಗೆ ಮಣ್ಣು ನೀರು. ಕೆಟ್ಟಿತು ಎಂದುಕೊಳ್ಳಬೇಡಿ. ಅರ್ಧ ಲೋಟ ತೆಗೆದು ಬಿಸಿ ಮಾಡಿ. ಮಬ್ಬು ಕರಗಿ ಮತ್ತೆ ತಿಳಿಯಾದರೆ ಅದು ದೋಷವಲ್ಲ. ಟೀಯ ಕೆಫೀನ್ ಮತ್ತು ಬಣ್ಣ ಕೊಡುವ ಅಂಶಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗೆ ಆಗುತ್ತದೆ. ಟೀ ರುಚಿ ನೋಡುವ ವೃತ್ತಿಯವರು ಇದನ್ನೂ ‘ಕ್ರೀಮ್’ ಎಂದೇ ಕರೆಯುತ್ತಾರೆ, ಒಳ್ಳೆಯ ಕಸುವಿನ ಟೀಯ ಗುರುತು ಎಂದು ಮೆಚ್ಚುತ್ತಾರೆ ಕೂಡ. ಅಸ್ಸಾಂ ಟೀಯಲ್ಲಿ ಹೆಚ್ಚು, ನೀಲಗಿರಿ ಟೀಯಲ್ಲಿ ಕಡಿಮೆ. ಹಾಲು ಬೀಳುವ ಟೀಗೆ ಹೇಗೂ ಕಾಣುವುದಿಲ್ಲ, ಸುಮ್ಮನೆ ಬಿಡಿ. ಬಿಸಿ ಮಾಡಿದರೂ ತಿಳಿಯಾಗದೆ ವಾಸನೆಯೂ ಬೇರೆ ಬಂದರೆ ಚೆಲ್ಲಿ.

ಮೇಲೆ ತೆಳು ಕಂದು ಪೊರೆ, ಚಮಚ ತಾಗಿದರೆ ಬಿರಿಯುತ್ತದೆ

ಎಣ್ಣೆಯಂತೆ ಹೊಳೆಯುತ್ತದೆ, ಆದರೆ ಎಣ್ಣೆಯಲ್ಲ. ಲೋಟದ ಗೋಡೆಗೂ ಕಂದು ಉಂಗುರ ಕಟ್ಟುತ್ತದೆ. ಬೆಂಗಳೂರಿನವರಿಗೆ ಇದರ ಪರಿಚಯ ಚೆನ್ನಾಗಿರಬೇಕು: ಕಾವೇರಿ ನೀರು ಬಂದ ವಾರ ಇರುವುದಿಲ್ಲ, ಬೋರ್‌ವೆಲ್ ನೀರಿನ ವಾರ ಬರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟು ಟೀಯ ಅಂಶಗಳ ಜತೆ ಸೇರಿ, ಗಾಳಿ ತಾಗಿ, ಮೇಲ್ಮೈಯಲ್ಲಿ ಈ ಪೊರೆ ಕಟ್ಟುತ್ತದೆ.

ಖಚಿತಪಡಿಸಿಕೊಳ್ಳಲು ಎರಡು ಲೋಟ ಡಿಕಾಕ್ಷನ್ ಮಾಡಿ, ಒಂದು ನಲ್ಲಿಯ ನೀರಿನಲ್ಲಿ, ಒಂದು ಕ್ಯಾನ್ ಅಥವಾ ಆರ್‌ಒ ನೀರಿನಲ್ಲಿ. ಹತ್ತು ನಿಮಿಷ ಬಿಟ್ಟು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಲ್ಲಿಯದರಲ್ಲಿ ಮಾತ್ರ ಪೊರೆ ಇದ್ದರೆ ನೀರು ಬದಲಿಸಿ, ಅಷ್ಟೇ ಪರಿಹಾರ. ಒಂದು ಹನಿ ನಿಂಬೆ ಹಿಂಡಿದರೂ ಪೊರೆ ಮಾಯವಾಗುತ್ತದೆ ನಿಜ, ಆದರೆ ಆಮೇಲೆ ಹಾಲಿನ ಗತಿ ಏನಾಗುತ್ತದೆಂದು ಮೇಲೆ ಓದಿದ್ದೀರಿ. ಐಸನ್ನೂ ಒಳ್ಳೆಯ ನೀರಿನಲ್ಲೇ ಮಾಡಬೇಕು. ಟೀಗೆ ಕ್ಯಾನ್ ನೀರು, ಐಸ್ ಟ್ರೇಗೆ ನಲ್ಲಿ ನೀರು ಎಂಬ ಉಳಿತಾಯ ನಾನೂ ಮಾಡಿದ್ದೆ. ಟೀ ತುಂಬ ಬೋರ್‌ವೆಲ್ ರುಚಿ.

ಕಂಡೆನ್ಸ್ಡ್ ಮಿಲ್ಕ್ ತಳದಲ್ಲೇ ಕೂತಿದೆ

ತಣ್ಣನೆಯ ಟೀಗೆ ಹಾಕಿದ್ದೀರಿ. ಜೇನಿನಂತೆ ಭಾರ, ಅಂಟು, ತಣ್ಣಗೆ ಕರಗುವುದಿಲ್ಲ. ಬಿಸಿ ಡಿಕಾಕ್ಷನ್ನಿಗೇ ಕಲಸಿ. ಸಕ್ಕರೆಯಾದರೂ ಅಷ್ಟೇ, ಇಲ್ಲವೇ ಸಮಸಮ ನೀರು ಸಕ್ಕರೆ ಕುದಿಸಿ ಪಾಕದ ನೀರು ಮಾಡಿಟ್ಟುಕೊಳ್ಳಿ. ಮಧುಮೇಹ ಇರುವವರ ಲೋಟದಲ್ಲಿ ಇದರ ಬದಲು ಗಟ್ಟಿ ಕಾಯಿಸಿದ ಹಾಲನ್ನೇ ಬಳಸುವುದು ಮೇಲು. ಡಬ್ಬಿಯ ಹಾಲಿನಲ್ಲಿ ಹಾಲಿಗಿಂತ ಸಕ್ಕರೆಯೇ ಮುಂದು.

ಕೆನೆ ಕೆನೆ ಎನಿಸುತ್ತಿಲ್ಲ, ಮೇಲಿನ ನೊರೆ ನಿಲ್ಲುತ್ತಿಲ್ಲ

ಪ್ಯಾಕೆಟ್ ತಿರುಗಿಸಿ ಕೊಬ್ಬಿನ ಅಂಕಿ ಓದಿ. ಟೋನ್ಡ್ ಹಾಲಿನಲ್ಲಿ ಶೇ. 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ ಶೇ. 4.5, ಫುಲ್ ಕ್ರೀಮ್‌ನಲ್ಲಿ ಶೇ. 6. ಮನೆಗೆ ಬರುವ ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲು. ಕಾಫಿಗೆ ಚೆನ್ನ, ಇದಕ್ಕೆ ತೆಳು. ಐಸ್ ಟೀಗೆ ಮಾತ್ರ ಫುಲ್ ಕ್ರೀಮ್ ತಂದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಅಂಗಡಿಯಲ್ಲಿ ನೋಡಿದ ಹಾಗೆ ಮೇಲೆ ದಪ್ಪ ಕೆನೆ ನೊರೆ ನಿಲ್ಲಿಸಲು ಹೋಗಿ ಸೋತವರು ಬಹಳ. ಗಂಟೆಗಟ್ಟಲೆ ಕಡೆದರೂ ನೀರು ನೀರು. ತಪ್ಪು ಕೈಯದಲ್ಲ. ನಮ್ಮಲ್ಲಿ ಎಲ್ಲೆಡೆ ಸಿಗುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ. 25. ಗಾಳಿ ಹಿಡಿದು ನಿಲ್ಲಬೇಕಾದರೆ ಕನಿಷ್ಠ 30, ಚೆನ್ನಾಗಿ ನಿಲ್ಲಲು 35ರಷ್ಟು ಬೇಕು. ಹಾಗಾಗಿ ಒಂದೋ ವಿಪ್ಪಿಂಗ್ ಕ್ರೀಮ್ ತನ್ನಿ, ಇಲ್ಲವೇ ಗಟ್ಟಿ ನೊರೆಯ ಆಸೆ ಬಿಟ್ಟು ಹರಿಯುವ ಕೆನೆಗೆ ತೃಪ್ತಿಪಡಿ. ನಾನು ಮಾಡುವುದು ಎರಡನೆಯದು: ಫ್ರೆಶ್ ಕ್ರೀಮನ್ನು ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಒಂದು ಚಮಚ ಚೀಸ್ ಸ್ಪ್ರೆಡ್, ಒಂದೆರಡು ಹರಳು ಉಪ್ಪು ಹಾಕಿ ಅರ್ಧ ನಿಮಿಷ ಕಲಕಿ, ಚಮಚದ ಬೆನ್ನ ಮೇಲಿಂದ ಮೆಲ್ಲಗೆ ಇಳಿಬಿಡುವುದು. ಟೀ ಸಿಹಿಯಾಗಿದ್ದು ಐಸ್ ತುಂಬಿದ್ದರೆ ಅದು ಮೇಲೇ ನಿಲ್ಲುತ್ತದೆ.

ಬೇಸಿಗೆಯಲ್ಲಿ ಅಡುಗೆಮನೆ 30 ಡಿಗ್ರಿ ದಾಟಿರುವಾಗ ವಿಪ್ಪಿಂಗ್ ಕ್ರೀಮೂ ಸೋಲುತ್ತದೆ. ಬಟ್ಟಲನ್ನೂ ಕಡೆಯುವ ಕಡ್ಡಿಯನ್ನೂ ಹದಿನೈದು ನಿಮಿಷ ಫ್ರೀಜರ್‌ನಲ್ಲಿ ಇಟ್ಟು ಶುರುಮಾಡಿ. ಕಡೆಯುತ್ತ ಕೆನೆ ಹಳದಿಗೆ ತಿರುಗಿ ಕಾಳು ಕಾಳಾದರೆ ಅಲ್ಲಿಗೆ ನಿಲ್ಲಿಸಿ, ಅದು ಬೆಣ್ಣೆಯಾಯಿತು. ಚಪಾತಿಗೆ ಹಚ್ಚಿಕೊಳ್ಳಿ.

ಬಣ್ಣ: ಬರುತ್ತಿಲ್ಲ, ಇಲ್ಲವೇ ವಿಪರೀತ ಬರುತ್ತಿದೆ

ಚಾ ಯೆನ್‌ನ ಕಿತ್ತಳೆ ಬಣ್ಣ ನಮ್ಮ ಪುಡಿಯಿಂದ ಬರುವುದಿಲ್ಲ. ಅಲ್ಲಿನ ಸಿದ್ಧ ಮಿಶ್ರಣಗಳಲ್ಲಿ ತಿನ್ನುವ ಬಣ್ಣ ಸೇರಿಸಿರುತ್ತಾರೆ. ನಿಮ್ಮದು ತಿಳಿ ಕಂದಾಗಿದ್ದರೆ ಅದೇ ಸರಿ.

ಆದರೆ ಬಿಡಿಯಾಗಿ ತೂಗಿ ತಂದ ಪುಡಿ ತಣ್ಣೀರಿಗೆ ಬೀಳುತ್ತಲೇ ಕೆಂಪು ಕಾರಿದರೆ ಅನುಮಾನಪಡಿ. ಒಳ್ಳೆಯ ಟೀ ತಣ್ಣೀರಿಗೆ ನಿಧಾನ ಬಣ್ಣ ಬಿಡುತ್ತದೆ. ಬಿಳಿ ಫಿಲ್ಟರ್ ಕಾಗದದ ಮೇಲೆ ಪುಡಿ ಹರಡಿ, ನೀರು ಚಿಮುಕಿಸಿ, ತೊಳೆದು, ಕಾಗದವನ್ನು ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಗಾಢ ಕಲೆ ಉಳಿದರೆ ಪುಡಿಗೆ ಬಣ್ಣ ಹಾಕಿದ್ದಾರೆ. ಜತೆಗೆ ಒಂದು ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಪುಡಿ ಇದ್ದದ್ದೂ ಗೊತ್ತಾಗುತ್ತದೆ. ಅಂಥ ಪುಡಿಯನ್ನು ಸರಿಮಾಡುವ ಉಪಾಯ ಅಡುಗೆಮನೆಯಲ್ಲಿಲ್ಲ. ಬಳಸುವುದು ನಿಲ್ಲಿಸಿ, ಸ್ವಲ್ಪ ಪುಡಿಯನ್ನು ಚೀಟಿ ಸಮೇತ ಎತ್ತಿಟ್ಟು, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಸಬ್ಬಕ್ಕಿ ಹಾಕಿದೆ, ಗಂಜಿಯಾಯಿತು

ತಳದಲ್ಲಿ ಅಗಿಯುವ ಮುತ್ತು ಹಾಕಿ ಕೊಡುವ ಬಬಲ್ ಟೀಯ ಕಪ್ಪು ಮುತ್ತುಗಳೂ ನಮ್ಮ ಸಬ್ಬಕ್ಕಿಯೂ ಮರಗೆಣಸಿನ ಪಿಷ್ಟದವೇ, ಆದರೆ ಸಬ್ಬಕ್ಕಿ ಪಾಯಸಕ್ಕೆ ಕರಗುವಂಥದ್ದು. ಅಗಿಯುವ ಮುತ್ತು ಬೇಕಾದರೆ ಅದನ್ನೇ ತರಬೇಕು. ಬೇಯಿಸಿದ್ದನ್ನು ಫ್ರಿಜ್ಜಿನಲ್ಲಿ ಇಟ್ಟರೆ ತಂಗಳನ್ನದ ಹಾಗೆ ಗಟ್ಟಿಯಾಗುತ್ತದೆ, ಆಗಾಗಿನದು ಆಗಾಗ ಬೇಯಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ದಪ್ಪ ಸ್ಟ್ರಾದಲ್ಲಿ ಇದನ್ನು ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿಗೆ ನಿಲ್ಲಿಸಿ, ರುಚಿ ನೋಡಬೇಡಿ

ಟೀ ಅಥವಾ ಡಿಕಾಕ್ಷನ್ ಚಮಚದಿಂದ ನೂಲಿನಂತೆ ಎಳೆ ಎಳೆಯಾಗಿ ಇಳಿದರೆ, ಲೋಳೆಯಾಗಿದ್ದರೆ, ಗುಳ್ಳೆ ಬರುತ್ತಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಕುದಿಸಿದರೆ ಸರಿಹೋಗುತ್ತದೆ ಎನ್ನಬೇಡಿ; ಕೆಲವು ಸೂಕ್ಷ್ಮಾಣುಗಳು ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ಬಿಸಿಲಿಗೆ ಜಾರ್ ಇಟ್ಟು ‘ಸೂರ್ಯನ ಟೀ’ ಮಾಡುವವರಿಗೆ ಈ ಅಪಾಯ ಹೆಚ್ಚು. ಬಿಸಿಲು ನೀರನ್ನು ಬೆಚ್ಚಗೆ ಮಾಡುತ್ತದೆಯೇ ಹೊರತು ಏನನ್ನೂ ಕೊಲ್ಲುವಷ್ಟು ಬಿಸಿ ಮಾಡುವುದಿಲ್ಲ. ನೆನೆಸುವುದಾದರೆ ಫ್ರಿಜ್ಜಿನಲ್ಲೇ ನೆನೆಸಿ.

ಹಾಲು ಬೆರೆಸಿದ ಟೀ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಚೆಲ್ಲಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ, 32 ಡಿಗ್ರಿ ದಾಟಿದ ಎಲ್ಲ ಕಡೆ, ಒಂದೇ ಗಂಟೆ. ಲೋಟದಲ್ಲಿ ಐಸ್ ಚೂರು ಉಳಿದಿದೆಯಲ್ಲ ಎನ್ನುವ ಸಮಾಧಾನ ಐಸ್ ಕರಗಿದ ಕ್ಷಣಕ್ಕೆ ಮುಗಿಯಿತು. ಮಿಕ್ಕಿದ್ದನ್ನು ಇಡುವುದಿದ್ದರೆ ಹಾಲು ಬೆರೆಸುವ ಮುಂಚೆ ಡಿಕಾಕ್ಷನ್ನನ್ನೇ ಮುಚ್ಚಿ ಫ್ರಿಜ್ಜಿನಲ್ಲಿ ಇಡಿ, ಮೂರು ದಿನದೊಳಗೆ ಮುಗಿಸಿ.

ಎರಡು ಮೂರು ಸಲ ಸತತವಾಗಿ ಹಾಲು ಬೇಗ ಹುಳಿಯಾಗುತ್ತಿದ್ದರೆ ಪ್ಯಾಕೆಟ್ಟಿನ ಬದಲು ಫ್ರಿಜ್ಜನ್ನು ಪರೀಕ್ಷಿಸಿ. ಒಂದು ಲೋಟ ನೀರಿನಲ್ಲಿ ಅಡುಗೆ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೋಡಿದಾಗ 5 ಡಿಗ್ರಿಗಿಂತ ಮೇಲಿದ್ದರೆ ಮೊದಲು ಗುಂಡಿ ತಿರುಗಿಸಿ ತಣ್ಣಗೆ ಮಾಡಿ, ಬಾಗಿಲ ರಬ್ಬರ್ ಒರೆಸಿ, ಅದಕ್ಕೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ನೋಟು ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲ. ರಬ್ಬರ್ ಬಿಗಿಯಿದ್ದೂ ಅಂಕಿ ಇಳಿಯದಿದ್ದರೆ ಹಿಂಬದಿಯನ್ನು ನೀವೇ ಬಿಚ್ಚಲು ಹೋಗಬೇಡಿ, ರಿಪೇರಿಯವರನ್ನು ಕರೆಸಿ. ಹಾಲನ್ನು ಬಾಗಿಲಿನ ಗೂಡಿನಲ್ಲಿ ಇಡುವ ಅಭ್ಯಾಸವನ್ನೂ ಬಿಡಿ, ಫ್ರಿಜ್ಜಿನೊಳಗೆ ಅತಿ ಬೆಚ್ಚಗಿನ ಜಾಗ ಅದೇ.

ಕುಡಿದ ಮೇಲೆ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಿರಿ. ಕುಡಿದದ್ದು ನಿಲ್ಲದಿದ್ದರೆ, ಜ್ವರ ಜೋರಾಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಮೂತ್ರ ಮಾಡುವುದು ಕಡಿಮೆಯಾಗಿ ಮಂಕಾದರೆ ಮನೆಮದ್ದಿಗೆ ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಏನು ಕುಡಿದಿರಿ, ಎಷ್ಟು ಹೊತ್ತಿಗೆ ಮಾಡಿದ್ದು ಎಂದು ಅವರು ಕೇಳುತ್ತಾರೆ, ನೆನಪಿಟ್ಟುಕೊಂಡಿರಿ.